ತೆಳು ವೆಟ್‌ಸೂಟ್ ಎಷ್ಟು ಚಳಿ ತಡೆಯುತ್ತದೆ? ನೀವೇ ಪರೀಕ್ಷೆ ಮಾಡಿ ನೋಡುವ ಬಗೆ

ಅಕ್ಟೋಬರ್ ನಡುವಿನ ಒಂದು ಭಾನುವಾರ. ಇಂಗ್ಲೆಂಡಿನ ವಿಂಡರ್‌ಮಿಯರ್ ಸರೋವರದ ದಂಡೆ. ನೀರು 13 ಡಿಗ್ರಿ ಇತ್ತು. ನಾನು ಹೊರಗೆ ಬಂದು ಹತ್ತು ನಿಮಿಷ ಆಗಿತ್ತು. ಟವೆಲ್ ಸುತ್ತಿಕೊಂಡು, "ಏನೂ ಚಳಿ ಇಲ್ಲ ಕಣೇ, ಸೂಟ್ ಬೊಂಬಾಟಾಗಿದೆ" ಅಂತ ಹೆಂಡತಿಗೆ ಹೇಳುತ್ತಿದ್ದೆ. ಅವಳು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ, "ರೀ, ಹದಿನೇಳೇಳ್ಲ ಎಷ್ಟು?" ಅಂದಳು.

ಸ್ವಲ್ಪ ಹೊತ್ತು ಯೋಚಿಸಿದೆ. "ನೂರ... ನೂರ ಒಂಬತ್ತು."

ಅವಳು ಮಾತಾಡಲಿಲ್ಲ. ತನ್ನ ಜಾಕೆಟ್ ಬಿಚ್ಚಿ ನನ್ನ ಮೇಲೆ ಹಾಕಿ, ಕಾರಿನ ಬೀಗದ ಕೈ ಕಸಿದುಕೊಂಡಳು.

ಇಪ್ಪತ್ತರವರೆಗೆ ಮಗ್ಗಿ ಬಾಯಿಪಾಠ ಮಾಡದೆ ನಮ್ಮ ಮನೆಯಲ್ಲಿ ಸಂಜೆ ಅವಲಕ್ಕಿ ಸಿಗುತ್ತಿರಲಿಲ್ಲ. ಆ ಮಗ್ಗಿಯೇ ತಪ್ಪಿತು. ಚಳಿ ಆಗುತ್ತಿದೆ ಅಂತ ನನಗೆ ಗೊತ್ತಾಗುವ ಮೊದಲು ಅವಳಿಗೆ ಗೊತ್ತಾಗಿತ್ತು. ವೆಟ್‌ಸೂಟ್ ಅಂದರೆ ತಣ್ಣೀರಲ್ಲಿ ಈಜಲು ಮೈಗೆ ಅಂಟಿದ ಹಾಗೆ ಹಾಕಿಕೊಳ್ಳುವ ರಬ್ಬರಿನ ಉಡುಪು. ತೆಳು ಸೂಟ್ ಹಾಕಿಕೊಂಡು ತಣ್ಣೀರಿಗೆ ಇಳಿಯುವವರು ಮಾಡುವ ದೊಡ್ಡ ತಪ್ಪು ಇದೇ. ನೀರಿನೊಳಗೆ ಇದ್ದಾಗ ಹೇಗನ್ನಿಸಿತು ಅನ್ನುವುದನ್ನೇ ಪರೀಕ್ಷೆ ಅಂದುಕೊಳ್ಳುತ್ತಾರೆ. ಅದು ಅರ್ಧ ಪರೀಕ್ಷೆ. ಉಳಿದರ್ಧ ಹೊರಗೆ ಬಂದ ಮೇಲೆ ನಡೆಯುತ್ತದೆ.

ಕೆಳಗೆ ಬರೆದಿರುವುದು ಒಂದು ಶರತ್ಕಾಲ ಪೂರ್ತಿ 2 ಮಿ.ಮೀ. ಸೂಟ್ ಒಂದನ್ನು ನಾನು ಹೇಗೆ ಪರೀಕ್ಷೆ ಮಾಡಿದೆ ಅನ್ನುವುದರ ಕ್ರಮ. ಬ್ರಿಟನ್ನಿನಲ್ಲೋ ಐರ್ಲೆಂಡಿನಲ್ಲೋ ಇದ್ದು, ಕೆರೆ ಅಥವಾ ಸಮುದ್ರದಲ್ಲಿ ಈಜುವ ಆಸೆ ಹತ್ತಿದವರಿಗೆ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ.

ತೆಳು ಅಂದರೆ ಎಷ್ಟು ತೆಳು

ವೆಟ್‌ಸೂಟ್ ಆಗುವುದು ನಿಯೋಪ್ರೀನ್ ಅನ್ನುವ ರಬ್ಬರಿನ ಸ್ಪಂಜಿನಿಂದ. ಆ ಸ್ಪಂಜಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗಾಳಿಗುಳ್ಳೆಗಳು ತುಂಬಿರುತ್ತವೆ. ಸೂಟಿನೊಳಗೆ ಸೇರುವ ತೆಳ್ಳನೆಯ ನೀರು ಬಿಸಿಯಾಗಿ ಮೈ ಕಾಯುತ್ತದೆ ಅಂತ ಬಹಳ ಜನ ಹೇಳುತ್ತಾರೆ. ಅದು ಪೂರ್ತಿ ನಿಜವಲ್ಲ. ಚಳಿ ತಡೆಯುವ ಕೆಲಸ ಮಾಡುವುದು ಗಾಳಿಗುಳ್ಳೆಗಳು. 1950ರ ದಶಕದ ಆರಂಭದಲ್ಲಿ ಅಮೆರಿಕದ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್ ವೆಟ್‌ಸೂಟ್ ಮಾಡಲು ಹೊರಟಾಗ ಹಿಡಿದ ಎಳೆ ಇದೇ. ಬಟ್ಟೆಯೊಳಗೇ ಗಾಳಿ ಇದ್ದರೆ ಮೈ ಒದ್ದೆಯಾದರೂ ಪರವಾಗಿಲ್ಲ ಅನ್ನುವುದು ಅವರ ಯೋಚನೆ. ಒಳಗಿನ ನೀರಿನಿಂದ ನಮಗೆ ಬೇಕಾದದ್ದು ಒಂದೇ: ಅದು ಅಲ್ಲಾಡದೆ ಇರಬೇಕು. ಹಳೇ ನೀರು ಹೋಗಿ ಹೊಸ ತಣ್ಣೀರು ಬರುತ್ತಾ ಇದ್ದರೆ ಎಷ್ಟು ದಪ್ಪದ ಸೂಟ್ ಇದ್ದರೂ ದಂಡ.

ಸೂಟಿನ ಮೇಲೆ 3/2 ಅಂತ ಬರೆದಿದ್ದರೆ ಎದೆ, ಬೆನ್ನಿನ ಕಡೆ 3 ಮಿ.ಮೀ., ಕೈಕಾಲಿಗೆ 2 ಮಿ.ಮೀ. ಅಂತ ಅರ್ಥ. ಈಜು, ಸೈಕಲ್, ಓಟ ಮೂರೂ ಇರುವ ಟ್ರಯತ್ಲಾನ್ ಸ್ಪರ್ಧೆಗಳಲ್ಲಿ 5 ಮಿ.ಮೀ.ಗಿಂತ ದಪ್ಪ ಬಿಡುವುದಿಲ್ಲ. ತೆಳು ಸೂಟ್ ಅಂದರೆ ಸಾಮಾನ್ಯವಾಗಿ 1.5ರಿಂದ 2 ಮಿ.ಮೀ. ಇದನ್ನು ಜನ ಯಾಕೆ ಇಷ್ಟಪಡುತ್ತಾರೆ ಅಂದರೆ ಭುಜ ಸಲೀಸಾಗಿ ಆಡುತ್ತದೆ, ನೀರು ಮೈಗೆ ಸೋಕಿದ ಹಾಗೆ ಅನ್ನಿಸುತ್ತದೆ, ಮಡಚಿದರೆ ಬ್ಯಾಗಿನ ಮೂಲೆಯಲ್ಲಿ ಹಿಡಿಸುತ್ತದೆ. ಒಂದು ಎಚ್ಚರಿಕೆ. ಸರ್ಫಿಂಗಿಗೆ ಅಂತ ಮಾಡಿದ ಸೂಟೂ ಈಜಿಗೆ ಅಂತ ಮಾಡಿದ ಸೂಟೂ ಒಂದೇ ದಪ್ಪ ಇದ್ದರೂ ಒಂದೇ ಅಲ್ಲ. ಸರ್ಫಿಂಗಿನದಕ್ಕೆ ಹೊರಗೂ ಬಟ್ಟೆಯ ಪದರ ಇರುತ್ತದೆ. ಅದು ನೀರು ಕುಡಿದು ಭಾರವಾಗುತ್ತದೆ, ಭುಜ ಹಿಡಿದಿಡುತ್ತದೆ. ಈಜಿನದು ಹೊರಗಡೆ ನುಣ್ಣಗೆ, ಬದನೆಕಾಯಿ ಸಿಪ್ಪೆಯ ಹಾಗೆ ಇರುತ್ತದೆ.

ಈಜು ಸ್ಪರ್ಧೆಗಳ ಜಾಗತಿಕ ಸಂಸ್ಥೆ ವರ್ಲ್ಡ್ ಅಕ್ವಾಟಿಕ್ಸ್ ನಿಯಮಗಳನ್ನೂ ಒಮ್ಮೆ ನೋಡಿ. ತೆರೆದ ನೀರಿನ ಸ್ಪರ್ಧೆಗಳಲ್ಲಿ 18 ಡಿಗ್ರಿಗಿಂತ ಕೆಳಗೆ ಹೋದರೆ ವೆಟ್‌ಸೂಟ್ ಕಡ್ಡಾಯ. 16ಕ್ಕಿಂತ ಕೆಳಗೆ ಸ್ಪರ್ಧೆಯೇ ಇಲ್ಲ. ಅಲ್ಲಿ ಈಜುವವರು ಪಕ್ಕಾ ತರಬೇತಿ ಆದವರು, ಪಕ್ಕದಲ್ಲಿ ದೋಣಿ ಬೇರೆ ಇರುತ್ತದೆ. ನಮಗೆ ಸೂಟ್ ಮಾರಿದ ಅಂಗಡಿಯವನು ಮಾತ್ರ "ಹತ್ತು ಡಿಗ್ರಿಗೂ ಸಾಕು" ಅಂತ ಧೈರ್ಯವಾಗಿ ಹೇಳಿಬಿಟ್ಟ.

ನಮ್ಮಂಥವರಿಗೆ ಇನ್ನೊಂದು ಕಷ್ಟ ಇದೆ. ಕರಾವಳಿಯ ಸಮುದ್ರ ವರ್ಷದ ಬಹುಪಾಲು 27-30 ಡಿಗ್ರಿ ಇರುತ್ತದೆ. ಮಲೆನಾಡಲ್ಲಿ ಮಾಗಿ ಚಳಿಯಲ್ಲಿ ಹೊಳೆಗೆ ಹಾರಿದರೂ ಇಲ್ಲಿನ 10 ಡಿಗ್ರಿ ನೀರಿನ ಅನುಭವ ಆಗುವುದಿಲ್ಲ. ನಾನು ತುಂಗೆಯಲ್ಲಿ ಈಜು ಕಲಿತವನು, ಚಳಿ ನನಗೇನು ಹೊಸದೇ ಅಂದುಕೊಂಡಿದ್ದೆ. ಹೊಸದೇ ಆಗಿತ್ತು.

ಮೊದಲು ಮನೆಯಲ್ಲಿ, ಒಣ ಮೈಯಲ್ಲಿ

ಉಗುರು ಕತ್ತರಿಸಿಕೊಳ್ಳಿ. ತಮಾಷೆಗೆ ಹೇಳುತ್ತಿಲ್ಲ. ಮೊದಲ ದಿನವೇ ನನ್ನ ಹೆಬ್ಬೆರಳಿನ ಉಗುರು ತೊಡೆಯ ಹತ್ತಿರ ಚಂದ್ರನ ಆಕಾರದಲ್ಲಿ ಸೀಳು ಹಾಕಿತು. ನಿಯೋಪ್ರೀನ್ ಗೋಂದು ಹಚ್ಚಿ ಒಂದು ರಾತ್ರಿ ಬಿಟ್ಟ ಮೇಲೆ ಸರಿಹೋಯಿತು.

ಪಾದಕ್ಕೆ ಒಂದು ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಕಾಲು ತೂರಿಸಿ, ಸರ್ರನೆ ಇಳಿಯುತ್ತದೆ. ಆಮೇಲೆ ಬೆರಳಿನ ತುದಿಯಿಂದ ಚಿವುಟಿ ಎಳೆಯಬೇಡಿ. ಬೆರಳಿನ ಮೆತ್ತನೆ ಭಾಗದಿಂದ, ಸ್ವಲ್ಪ ಸ್ವಲ್ಪವೇ, ಪಾದದಿಂದ ಮೇಲಕ್ಕೆ ಸರಿಸುತ್ತಾ ಬನ್ನಿ. ಎರಡು ತೊಡೆಯ ನಡುವೆ ಸೂಟ್ ಪೂರ್ತಿ ಮೇಲೆ ಕೂರಬೇಕು. ಅಲ್ಲಿ ಎರಡು ಬೆರಳು ಜಾಗ ಉಳಿದರೆ ಆ ಸಾಲ ಭುಜದ ಮೇಲೆ ಬೀಳುತ್ತದೆ, ಕೈ ಎತ್ತಿದಾಗೆಲ್ಲ ಎಳೆಯುತ್ತದೆ. ಭುಜ ಹಿಡಿಯುತ್ತಿದೆ ಅಂತ ದೂರುವವರಲ್ಲಿ ಹೆಚ್ಚಿನವರ ತೊಂದರೆ ಇರುವುದು ಕೆಳಗೆ, ತೊಡೆಯ ಹತ್ತಿರ.

ಜಿಪ್ ಹಾಕಿದ ಮೇಲೆ ಪೂರ್ತಿ ಉಸಿರು ಎಳೆದುಕೊಂಡು ನೋಡಿ. ಹೊಟ್ಟೆಯವರೆಗೂ ಉಸಿರು ಇಳಿಯಬೇಕು. ಹೊಸ ಸೂಟ್ ಒಣಗಿದ್ದಾಗ ಬಿಗಿಯಾಗೇ ಇರುತ್ತದೆ, ನೀರಲ್ಲಿ ಸ್ವಲ್ಪ ಸಡಿಲ ಆಗುತ್ತದೆ. ಆದರೆ ಬಿಗಿ ಬೇರೆ, ಉಸಿರು ಕಟ್ಟುವುದು ಬೇರೆ. ಉಸಿರು ಅರ್ಧಕ್ಕೆ ನಿಂತರೆ ಆ ಸೂಟನ್ನು ಹಾಗೇ ವಾಪಸ್ ಕೊಡಿ. ಈಜುವಾಗ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವ ಒಂದು ತೊಂದರೆ ಕೆಲವರಿಗೆ ಬರುತ್ತದೆ. ತಣ್ಣೀರು, ಅತಿ ಬಿಗಿಯಾದ ಸೂಟ್ ಎರಡೂ ಅದಕ್ಕೆ ದಾರಿ ಮಾಡಿಕೊಡಬಹುದು ಅಂತ ವೈದ್ಯರು ಹೇಳುತ್ತಾರೆ. ಕತ್ತಿನ ಹತ್ತಿರವೂ ನೋಡಿ. ನುಂಗುವಾಗ ಗಂಟಲು ಒತ್ತಿದ ಹಾಗಾಗಬಾರದು, ತಲೆ ತಿರುಗಿದ ಹಾಗಂತೂ ಆಗಲೇಬಾರದು.

ಇನ್ನು ಸೊಂಟದ ಹಿಂದಿನ ತಗ್ಗು. ಅಲ್ಲಿ ಕೈಯಿಟ್ಟು ಸೂಟನ್ನು ಚಿವುಟಿ ಎಳೆಯಲು ನೋಡಿ. ಬಟ್ಟೆ ಧಾರಾಳವಾಗಿ ಕೈಗೆ ಬಂದರೆ ನೀರಿನ ಚೀಲ ಅಲ್ಲೇ ಕಟ್ಟುತ್ತದೆ. ಕೈ ತಿರುಗಿಸಿ, ಕುಕ್ಕರಗಾಲಲ್ಲಿ ಕೂತು ಎದ್ದು ನೋಡಿ. ಹತ್ತು ನಿಮಿಷಕ್ಕಿಂತ ಜಾಸ್ತಿ ಹಾಕಿಕೊಂಡಿರಬೇಡಿ, ಮನೆಯೊಳಗೆ ಬೆವರು ಕಿತ್ತುಕೊಂಡು ಬರುತ್ತದೆ.

ಬಿಚ್ಚುವಾಗ ಗಡಿಯಾರ ನೋಡಿಕೊಳ್ಳಿ. ಬೆನ್ನಿನ ಜಿಪ್ಪಿನ ದಾರ ಹುಡುಕುವುದರಿಂದ ಹಿಡಿದು ಪೂರ್ತಿ ಹೊರಗೆ ಬರುವವರೆಗೆ ಎಷ್ಟು ಹೊತ್ತು? ನನಗೆ ಮನೆಯಲ್ಲಿ 50 ಸೆಕೆಂಡ್. ಈ ಲೆಕ್ಕ ಆಮೇಲೆ ಬೇಕಾಗುತ್ತದೆ.

ಸೂಟ್ ಉಜ್ಜಿ ಕತ್ತು ಉರಿಯುವವರು ಅಲ್ಲಿಗೆ ಏನಾದರೂ ಹಚ್ಚಿಕೊಳ್ಳಬೇಕು. ವ್ಯಾಸಲಿನ್ ಬೇಡ, ಪೆಟ್ರೋಲಿಯಂ ಜೆಲ್ಲಿ ನಿಯೋಪ್ರೀನನ್ನು ಹಾಳು ಮಾಡುತ್ತದೆ. ವೆಟ್‌ಸೂಟಿಗೆ ಅಂತಲೇ ಸಿಗುವ, ಕಡ್ಡಿಯ ಆಕಾರದ ಮುಲಾಮು ತಗೊಳ್ಳಿ.

ಥರ್ಮಾಮೀಟರ್, ನೋಟ್‌ಬುಕ್, ದಂಡೆಯ ಮೇಲೆ ಒಬ್ಬರು

ಮಗುವಿನ ಸ್ನಾನದ ನೀರು ನೋಡುವ ಅಗ್ಗದ ಥರ್ಮಾಮೀಟರ್ ಸಾಕು, ಆದರೆ ಅದು ಸೊನ್ನೆಯವರೆಗೆ ಓದುವಂಥದ್ದಾಗಿರಬೇಕು. ತರುವ ಮೊದಲು ಅದನ್ನೂ ಪರೀಕ್ಷೆ ಮಾಡಿ. ಒಂದು ಲೋಟದ ತುಂಬ ಪುಡಿ ಮಾಡಿದ ಐಸ್ ಹಾಕಿ, ಮುಳುಗುವಷ್ಟು ನೀರು ಹುಯ್ದು ಐದು ನಿಮಿಷ ಬಿಟ್ಟರೆ ಸೊನ್ನೆ ತೋರಿಸಬೇಕು. ನನ್ನದು 1.5 ತೋರಿಸಿತು. ಅಂದಿನಿಂದ ಎಲ್ಲಾ ಲೆಕ್ಕದಲ್ಲೂ ಒಂದೂವರೆ ಕಳೆಯುತ್ತೇನೆ.

ಅಳೆಯುವುದು ದಂಡೆಯ ಪಕ್ಕದ ಮೊಳಕಾಲುದ್ದ ನೀರಲ್ಲಲ್ಲ. ಬಿಸಿಲಿಗೆ ಅದು ಬೇಗ ಕಾಯುತ್ತದೆ. ದಾರ ಕಟ್ಟಿ, ನೀವು ಈಜುವ ಜಾಗದಲ್ಲಿ, ತೋಳು ಹೋಗುವಷ್ಟು ಆಳದಲ್ಲಿ ಎರಡು ನಿಮಿಷ ಬಿಡಿ. ಗಾಳಿ ಬಂದು ಮೇಲಿನ ನೀರನ್ನು ತಳ್ಳಿದರೆ ಒಂದೇ ಬೆಳಗ್ಗೆ ಲೆಕ್ಕ ಬದಲಾಗಬಹುದು. ಸರೋವರಕ್ಕೆ ಸರೋವರ ಬೇರೆ. ವಿಂಡರ್‌ಮಿಯರ್ ಸುಮಾರು 17 ಕಿಲೋಮೀಟರ್ ಉದ್ದದ, 60 ಮೀಟರಿಗೂ ಮಿಕ್ಕಿ ಆಳದ ನೀರು. ಅದು ನಿಧಾನಕ್ಕೆ ಕಾಯುತ್ತದೆ, ನಿಧಾನಕ್ಕೆ ಆರುತ್ತದೆ. ಪಕ್ಕದ ರೈಡಲ್ ವಾಟರ್ ಚಿಕ್ಕದು, ಎರಡೂ ಬೇಗ. ಇಂಗ್ಲೆಂಡಿನ ಅತಿ ಆಳದ ವಾಸ್ಟ್‌ವಾಟರ್ ಬೇಸಿಗೆಯಲ್ಲೂ ಬೆಚ್ಚಗಾಗಲು ಒಪ್ಪುವುದಿಲ್ಲ.

ಕಾಲದ ಆಯ್ಕೆ ಮುಖ್ಯ. ಪರೀಕ್ಷೆ ಶುರು ಮಾಡಲು ಸೆಪ್ಟೆಂಬರ್ ಒಳ್ಳೇದು. ನೀರು ವಾರ ವಾರ ಸ್ವಲ್ಪ ಸ್ವಲ್ಪವೇ ತಣ್ಣಗಾಗುತ್ತದೆ, ಮೈ ಅದರ ಜೊತೆ ಹೊಂದಿಕೊಳ್ಳುತ್ತದೆ. ಏಪ್ರಿಲ್, ಮೇ ತಿಂಗಳು ಮೋಸದ ಕಾಲ. ಬಿಸಿಲು ಚೆನ್ನಾಗಿ ಹೊಡೆಯುತ್ತಿರುತ್ತದೆ, ಐಸ್‌ಕ್ರೀಮ್ ಗಾಡಿ ಬಂದಿರುತ್ತದೆ, ನೀರು ಮಾತ್ರ ಇನ್ನೂ ಚಳಿಗಾಲದಲ್ಲೇ ಇರುತ್ತದೆ.

ಒಬ್ಬರೇ ಹೋಗಬೇಡಿ. ಜೀವರಕ್ಷಕರು ಇರುವ ಜಾಗ ಸಿಕ್ಕರೆ ಎಲ್ಲಕ್ಕಿಂತ ಒಳ್ಳೇದು. ಇಲ್ಲವಾದರೆ ದಂಡೆಯ ಮೇಲೆ, ನೀರಿಗೆ ಇಳಿಯದ ಒಬ್ಬರು ಇರಲೇಬೇಕು. ಅವರ ಕೈಯಲ್ಲಿ ಸೀಟಿ, ಗಡಿಯಾರ, ಚಾರ್ಜ್ ಇರುವ ಫೋನ್. ಬ್ರಿಟನ್ನಿನಲ್ಲಿ 999ಕ್ಕೆ ಕರೆ ಮಾಡಿ, ಸಮುದ್ರ ತೀರದಲ್ಲಾದರೆ ಕೋಸ್ಟ್‌ಗಾರ್ಡ್, ಒಳನಾಡಿನ ಕೆರೆಯಲ್ಲಾದರೆ ಅಗ್ನಿಶಾಮಕ ದಳ ಕೇಳಬೇಕು ಅಂತ ಅವರಿಗೆ ಮೊದಲೇ ಹೇಳಿರಿ. ನಿಮ್ಮ ತಲೆಗೆ ಕಣ್ಣಿಗೆ ಹೊಡೆಯುವ ಬಣ್ಣದ ಟೋಪಿ, ಸೊಂಟಕ್ಕೆ ಕಟ್ಟಿಕೊಂಡು ಎಳೆದೊಯ್ಯುವ ತೇಲುಚೀಲ ಇರಲಿ. ಹೃದಯದ ತೊಂದರೆ, ಬಿ.ಪಿ., ಆಸ್ತಮಾ ಇದ್ದವರು, ಗರ್ಭಿಣಿಯರು ಡಾಕ್ಟರನ್ನು ಕೇಳದೆ ಈ ಸಾಹಸಕ್ಕೆ ಕೈಹಾಕಬಾರದು. ಹಿಂದಿನ ರಾತ್ರಿ ಪಾರ್ಟಿ ಮಾಡಿದವರೂ ಮನೆಯಲ್ಲೇ ಇರಲಿ.

ಇಳಿಯುವುದು: ಮೊದಲ ಎರಡು ನಿಮಿಷ

ತಣ್ಣೀರು ಚರ್ಮಕ್ಕೆ ತಾಗಿದ ತಕ್ಷಣ ದೇಹ ನಮ್ಮ ಮಾತು ಕೇಳುವುದಿಲ್ಲ. ಹಾ! ಅಂತ ಬಾಯಿ ತೆರೆದು ಉಸಿರು ಎಳೆಯುತ್ತದೆ, ಆಮೇಲೆ ಏದುಸಿರು, ಎದೆ ಡವಡವ. ಆ ಮೊದಲ ಉಸಿರು ಎಳೆಯುವಾಗ ಮುಖ ನೀರೊಳಗೆ ಇದ್ದರೆ ಕಥೆ ಮುಗಿಯಿತು. ಅದಕ್ಕೇ ಹಾರಬಾರದು. ಮೊದಲ ಅರ್ಧ ನಿಮಿಷದಲ್ಲಿ ಇದು ಜೋರಾಗಿರುತ್ತದೆ, ಒಂದೆರಡು ನಿಮಿಷದಲ್ಲಿ ಇಳಿಯುತ್ತದೆ. ಸೂಟ್ ಇದನ್ನು ಕಡಿಮೆ ಮಾಡುತ್ತದೆ, ಪೂರ್ತಿ ನಿಲ್ಲಿಸುವುದಿಲ್ಲ. ತೆಳು ಸೂಟಂತೂ ಇನ್ನೂ ಕಡಿಮೆ ಸಹಾಯ. ಮುಖ, ಅಂಗೈ, ಪಾದ ಹೇಗೂ ಬರಿದಾಗೇ ಇರುತ್ತವಲ್ಲ.

ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಮೈಕ್ ಟಿಪ್ಟನ್ ಈ ವಿಷಯದಲ್ಲಿ ದೊಡ್ಡ ಹೆಸರು. ಐದಾರು ಸಲ, ಒಂದೊಂದು ಸಲ ಮೂರು ನಿಮಿಷ ತಣ್ಣೀರಲ್ಲಿ ಮುಳುಗಿದ್ದರೂ ಸಾಕು, ಈ ಏದುಸಿರು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ ಅಂತ ಅವರ ತಂಡದ ಸಂಶೋಧನೆ ತೋರಿಸಿದೆ. ಹಾಗಾಗಿ ಮೊದಲ ಐದು ಸಲ ನೀವು ಸೂಟ್ ಪರೀಕ್ಷೆ ಮಾಡಲು ಹೋಗುತ್ತಿಲ್ಲ ಅಂದುಕೊಳ್ಳಿ. ಸುಮ್ನೆ ಇಳಿಯಿರಿ, ಮೂರು ನಿಮಿಷ ಎದೆಮಟ್ಟ ನಿಲ್ಲಿ, ಹೊರಗೆ ಬನ್ನಿ. ಮೈ ಪಳಗುವ ಮೊದಲು ಮಾಡಿದ ಪರೀಕ್ಷೆಯಲ್ಲಿ ಸೂಟಿನ ತಪ್ಪು ಯಾವುದು, ಮೈಯ ತಪ್ಪು ಯಾವುದು ಗೊತ್ತಾಗುವುದಿಲ್ಲ.

ಆರನೇ ಸಲ ಹೀಗೆ ಮಾಡಿ. ಸೊಂಟದವರೆಗೆ ನಡೆದು ಹೋಗಿ. ಮುಖಕ್ಕೆ, ಕುತ್ತಿಗೆಗೆ ನೀರು ಎರಚಿಕೊಳ್ಳಿ. ಕತ್ತಿನ ಹತ್ತಿರ ಸೂಟನ್ನು ಬೆರಳಿಂದ ಎಳೆದು ಒಂದು ಸಲ ನೀರು ಒಳಗೆ ಬಿಡಿ. ಛಳ್ ಅನ್ನುತ್ತದೆ, ತಡೆದುಕೊಳ್ಳಿ. ಈಗ ಎರಡೂ ಕೈಯಲ್ಲಿ ನಿಮ್ಮನ್ನೇ ಅಪ್ಪಿಕೊಂಡು ಹಿಂಡಿದರೆ ಜಾಸ್ತಿ ನೀರು ಹೊರಗೆ ಹೋಗಿ ಸೂಟ್ ಮೈಗೆ ಅಂಟುತ್ತದೆ. ಆಮೇಲೆ ದಂಡೆಯಲ್ಲಿದ್ದವರಿಗೆ ಒಂದು ಉದ್ದ ವಾಕ್ಯ ಹೇಳಿ. "ಬೆಳಗ್ಗೆ ಮಾಡಿದ ಉಪ್ಪಿಟ್ಟು ಇನ್ನೂ ಡಬ್ಬಿಯಲ್ಲಿ ಉಳಿದಿದೆಯಾ, ಇದ್ದರೆ ನನಗೆ ಸ್ವಲ್ಪ ಇಟ್ಟಿರು." ಇದನ್ನು ನಡುವೆ ಉಸಿರು ಕಟ್ಟದೆ ಹೇಳಲು ಬಂದರೆ ಮುಂದಕ್ಕೆ ಹೋಗಬಹುದು. ಅಲ್ಲಿಯವರೆಗೆ ಕಾಲು ನೆಲ ಬಿಡಬೇಡಿ.

ಈಜುವ ಮೊದಲು ಅಂಗಾತ ತೇಲಿ ನೋಡಿ. ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತವರಿಗೆ ಈ ಅನುಭವ ಗೊತ್ತು: ಯಾರೋ ಕೆಳಗಿಂದ ಹಿಡಿದ ಹಾಗೆ. ಗಾಳಿಗುಳ್ಳೆ ತುಂಬಿದ ರಬ್ಬರ್ ಅಲ್ವಾ, ಸೂಟ್ ಅದೇ ಕೆಲಸ ಮಾಡುತ್ತದೆ. ಆದರೆ 2 ಮಿ.ಮೀ. ಸೂಟ್ ಅಂದರೆ ಬಹಳ ಸಣ್ಣ ಬುರುಡೆ. ಲೈಫ್ ಜಾಕೆಟ್ ಅಂತೂ ಅಲ್ಲ. ನಿಮ್ಮ ಸೂಟಿನಲ್ಲಿ ಕಾಲು ಎಷ್ಟು ಮೇಲೆ ಬರುತ್ತದೆ, ಕೈ ಆಡಿಸದೆ ಬಾಯಿ ನೀರಿಂದ ಮೇಲೆ ಉಳಿಯುತ್ತದೆಯಾ ಅನ್ನುವುದು ಗೊತ್ತಿರಲಿ. ಬ್ರಿಟನ್ನಿನ ಸಮುದ್ರ ರಕ್ಷಣಾ ಸಂಸ್ಥೆ ಆರ್‌ಎನ್‌ಎಲ್‌ಐ ವರ್ಷಗಳಿಂದ ಹೇಳುತ್ತಿರುವುದೂ ಇದನ್ನೇ: ಕಷ್ಟಕ್ಕೆ ಸಿಕ್ಕರೆ ಒದ್ದಾಡಬೇಡಿ, ಮೊದಲು ತೇಲಿ. ಸೂಟಿನೊಳಗೆ ನೀರು ತುಂಬಿದರೆ ಮುಳುಗುತ್ತೇವೆ ಅನ್ನುವ ಹೆದರಿಕೆ ಬೇಡ. ಒಳಗಿನ ನೀರಿಗೂ ಹೊರಗಿನ ನೀರಿಗೂ ತೂಕ ಒಂದೇ. ಮೆಟ್ಟಿಲು ಹತ್ತುವಾಗ ಮಾತ್ರ ಭಾರ ಗೊತ್ತಾಗುತ್ತದೆ.

ಕೈ ಎಣಿಕೆ, ಬೆರಳಿನ ಲೆಕ್ಕ

ಒಳಗೆ ಒಳಗೆ ಈಜಿಕೊಂಡು ಹೋಗಬೇಡಿ. ದಂಡೆಗೆ ಸಮನಾಗಿ, ನಿಂತರೆ ಕಾಲು ಸಿಗುವ ಕಡೆ, ಎರಡು ಗುರುತು ಇಟ್ಟುಕೊಳ್ಳಿ. ನನ್ನವು ಒಂದು ಹಳೇ ದೋಣಿಕಟ್ಟೆಯ ಕಂಬ ಮತ್ತು ನೀರಿಗೆ ಬಾಗಿದ ಒಂದು ಮರ. ನಡುವೆ ಸುಮಾರು 40 ಮೀಟರ್. ಮೊದಲ ಸಲ ಆರಾಮಾಗಿ ಈಜಿ, ಎಷ್ಟು ಸಲ ಕೈ ಬೀಸಿದಿರಿ ಎಣಿಸಿ. ನನ್ನದು 46.

ಈ ಎಣಿಕೆಯೇ ಇಡೀ ಪರೀಕ್ಷೆಯ ಬೆನ್ನೆಲುಬು. ಯಾಕೆ ಅಂದರೆ, ಚಳಿ ಮೊದಲು ಹಿಡಿಯುವುದು ಹೊಟ್ಟೆಯೊಳಗಿನ ಬಿಸಿಯನ್ನಲ್ಲ, ತೋಳಿನ ಸ್ನಾಯುಗಳನ್ನು. 1999ರಲ್ಲಿ ಟಿಪ್ಟನ್ ಮತ್ತು ಜೊತೆಯವರು 25, 18, 10 ಡಿಗ್ರಿ ನೀರಿನಲ್ಲಿ ಈಜುಗಾರರನ್ನು ಈಜಿಸಿ ನೋಡಿದರು. ತಣ್ಣೀರಲ್ಲಿ ಕೈ ಬೀಸು ಗಿಡ್ಡವಾಗುತ್ತದೆ, ಬೇಗ ಬೇಗ ಬೀಸಬೇಕಾಗುತ್ತದೆ, ಮೈ ಮಲಗುವ ಬದಲು ನೆಟ್ಟಗೆ ನಿಲ್ಲಲು ಶುರುವಾಗುತ್ತದೆ. ಈಜುವವನಿಗೆ ತಾನು ಮೊದಲಿನಂತೆ ಈಜುತ್ತಿದ್ದೇನೆ ಅಂತಲೇ ಅನ್ನಿಸಬಹುದು. ಎಣಿಕೆ ಸುಳ್ಳು ಹೇಳುವುದಿಲ್ಲ. ಅದೇ 40 ಮೀಟರಿಗೆ 46 ಇದ್ದದ್ದು 51 ಆಯಿತು ಅಂದರೆ ತೋಳು ಸೋಲುತ್ತಿದೆ. ಅಲ್ಲಿಗೆ ನಿಲ್ಲಿಸಿ. ನಾನು ಹತ್ತರಲ್ಲಿ ಒಂದು ಪಾಲು ಜಾಸ್ತಿ ಆದರೆ ಹೊರಗೆ ಅಂತ ಗೆರೆ ಎಳೆದುಕೊಂಡಿದ್ದೇನೆ. ಇದು ನನ್ನ ಗೆರೆ, ಶಾಸ್ತ್ರದ್ದಲ್ಲ.

ಪ್ರತಿ ಐದು ನಿಮಿಷಕ್ಕೆ ನಿಂತು ಬೆರಳು ನೋಡಿ. ಹೆಬ್ಬೆರಳನ್ನು ಕಿರುಬೆರಳಿನ ತುದಿಗೆ ಮುಟ್ಟಿಸಿ. ಎರಡೂ ಕೈಯಲ್ಲಿ. ಬೆರಳುಗಳನ್ನು ಅಗಲ ಬಿಡಿಸಿ ಮತ್ತೆ ಒತ್ತಾಗಿ ಸೇರಿಸಿ. ಸೇರದೆ ನಡುವೆ ಸಂದು ಉಳಿದು, ಕೈ ಕಸಬರಿಗೆ ಹಾಗೆ ಕೆದರಿಕೊಂಡರೆ ಹೊರಡುವ ಹೊತ್ತು. ಇಂಥ ಕೈಯಲ್ಲಿ ಜಿಪ್ಪಿನ ದಾರ ಹಿಡಿಯಬೇಕು ಅನ್ನುವುದನ್ನು ನೆನಪಿಡಿ.

ನೀರು ನುಗ್ಗುವುದನ್ನು ಹೀಗೆ ಗುರುತಿಸಬಹುದು. ತಲೆ ಎತ್ತಿ ಮುಂದೆ ನೋಡುತ್ತಾ ಹತ್ತು ಬೀಸು ಈಜಿ. ಕತ್ತಿನ ಹಿಂದೆ ಸಣ್ಣ ಸಂದು ಇದ್ದರೂ ಒಂದು ತಣ್ಣನೆ ಬೆರಳು ಬೆನ್ನಹುರಿಯ ಮೇಲೆ ಗೆರೆ ಎಳೆದ ಹಾಗೆ ಮೇಲಿಂದ ಕೆಳಗೆ ಇಳಿದು, ಸೊಂಟದ ತಗ್ಗಿನಲ್ಲಿ ಹೋಗಿ ನಿಲ್ಲುತ್ತದೆ. ಒಂದು ಸಲ ಆದರೆ ಪರವಾಗಿಲ್ಲ. ಪ್ರತಿ ಸಲ ತಲೆ ಎತ್ತಿದಾಗಲೂ ಆ ಬೆರಳು ಬಂದರೆ ಸೂಟ್ ನಿಮ್ಮ ಅಳತೆಯದಲ್ಲ. ಮಣಿಕಟ್ಟಿನಲ್ಲೂ ಹಾಗೇ, ಕೈ ನೀರಿಗೆ ಹೊಕ್ಕಾಗೆಲ್ಲ ಮುಂಗೈ ಊದಿದಂತೆ ಅನ್ನಿಸಿದರೆ ತೋಳು ಸಡಿಲ. 5 ಮಿ.ಮೀ. ಸೂಟ್ ಇಂಥ ಸಣ್ಣಪುಟ್ಟದನ್ನು ಕ್ಷಮಿಸುತ್ತದೆ. ತೆಳು ಸೂಟ್ ಕ್ಷಮಿಸುವುದಿಲ್ಲ.

ಹತ್ತು ಹನ್ನೆರಡು ನಿಮಿಷ ಆದ ಮೇಲೆ ಒಂದು ಸುಖದ ಹೊತ್ತು ಬರುತ್ತದೆ. ಚುಚ್ಚುವುದು ನಿಲ್ಲುತ್ತದೆ, ಮೈ ಬೆಚ್ಚಗಾದ ಹಾಗನ್ನಿಸುತ್ತದೆ, ಬೆಟ್ಟ ಮೋಡ ಎಲ್ಲಾ ಚಂದ ಕಾಣುತ್ತದೆ. ಸೂಟ್ ಹೊಗಳುವುದೂ ಈ ಹೊತ್ತಿನಲ್ಲೇ. ಚರ್ಮ ಮರಗಟ್ಟಿ ಚಳಿಯ ಸುದ್ದಿ ಸರಿಯಾಗಿ ತಲೆಗೆ ತಲುಪುತ್ತಿಲ್ಲ ಅಷ್ಟೇ. ಇನ್ನೂ ಐದು ನಿಮಿಷ ಆರಾಮಾಗಿ ಇರಬಲ್ಲೆ ಅನ್ನಿಸುವಾಗ ಹೊರಗೆ ಬನ್ನಿ.

ನೀರು ಎಷ್ಟು ಡಿಗ್ರಿಯೋ ಅಷ್ಟು ನಿಮಿಷ ಅನ್ನುವ ಒಂದು ಮಾತು ಈಜುವವರಲ್ಲಿ ಓಡಾಡುತ್ತದೆ. ಅದಕ್ಕೆ ವಿಜ್ಞಾನದ ಆಧಾರ ಹುಡುಕಬೇಡಿ. ಹೊಸಬರಿಗೆ ಮೇಲಿನ ಮಿತಿಯಾಗಿ ಇಟ್ಟುಕೊಂಡರೆ ತಪ್ಪಿಲ್ಲ, ಗುರಿಯಾಗಿ ಬೇಡ.

ಹೊರಗೆ ಬಂದ ಮೇಲೆ ಅರ್ಧ ಗಂಟೆ

ಗಡಿಯಾರ ಮತ್ತೆ ಶುರು. ಬಿಚ್ಚಲು ಎಷ್ಟು ಹೊತ್ತು? ಮನೆಯಲ್ಲಿ 50 ಸೆಕೆಂಡ್ ಆಗಿದ್ದು ಆ ದಿನ ನನಗೆ ನಾಲ್ಕು ನಿಮಿಷ ಹಿಡಿಯಿತು. ದಾರ ಕೈಗೆ ಸಿಕ್ಕಿತು, ಹಿಡಿದೆ ಅಂದುಕೊಂಡೆ, ನೋಡಿದರೆ ಬೆರಳುಗಳ ನಡುವೆ ಏನೂ ಇರಲಿಲ್ಲ. ಆಮೇಲೆ ದಾರವನ್ನು ಮಣಿಕಟ್ಟಿಗೆ ಸುತ್ತಿ ಎಳೆದೆ. ಈಗ ದಾರದ ತುದಿಗೆ ಒಂದು ದೊಡ್ಡ ಕುಣಿಕೆ ಹಾಕಿಟ್ಟಿದ್ದೇನೆ.

ಸೂಟನ್ನು ಸೊಂಟದವರೆಗೆ ಇಳಿಸಿ, ಮೊದಲು ಮೇಲಿನ ಮೈ ಒರೆಸಿ, ಉಣ್ಣೆ ಟೋಪಿ, ಬನಿಯನ್, ಸ್ವೆಟರ್ ಹಾಕಿಕೊಂಡು ಆಮೇಲೆ ಕೆಳಗಿನದು. ಬಟ್ಟೆಗಳನ್ನು ಹಾಕುವ ಕ್ರಮದಲ್ಲೇ, ತಿರುಗುಮುರುಗಾಗಿ ಜೋಡಿಸಿಟ್ಟಿರಬೇಕು. ಮೇಲಿರುವುದು ಮೊದಲು. ಬಟನ್ ಇರುವ ಒಂದು ಅಂಗಿ ಮಾತ್ರ ಪರೀಕ್ಷೆಗೆ ಅಂತ ತನ್ನಿ. ಎಲ್ಲಕ್ಕಿಂತ ಮೇಲೆ ಅದನ್ನು ಹಾಕಿಕೊಂಡು, ಐದು ಬಟನ್ ಹಾಕಲು ಆಗುತ್ತದೆಯಾ ನೋಡಿ.

ನೀರಿಂದ ಬಂದ ಮೇಲೂ ಮೈಯೊಳಗಿನ ಬಿಸಿ ಸ್ವಲ್ಪ ಹೊತ್ತು ಇಳಿಯುತ್ತಲೇ ಇರುತ್ತದೆ. ಒಲೆ ಆರಿಸಿದ ಮೇಲೂ ಬಾಣಲೆಯಲ್ಲಿ ಒಗ್ಗರಣೆ ಕಪ್ಪಾಗುತ್ತಾ ಹೋಗುತ್ತದಲ್ಲ, ಅದರ ಉಲ್ಟಾ. ಅದಕ್ಕೇ ದಂಡೆಗೆ ಬಂದಾಗ ಚೆನ್ನಾಗಿದ್ದವರು ಹತ್ತು ಹದಿನೈದು ನಿಮಿಷ ಕಳೆದ ಮೇಲೆ ಗಡಗಡ ನಡುಗುವುದು. ಹಾಗಾಗಿ ಮಗ್ಗಿ ಪರೀಕ್ಷೆ ಒಂದೇ ಸಲ ಅಲ್ಲ. ಬಂದ ತಕ್ಷಣ, ಹತ್ತನೇ ನಿಮಿಷ, ಇಪ್ಪತ್ತು, ಮೂವತ್ತು. ದಂಡೆಯವರು ಕೇಳಬೇಕು, ನೀವು ಹೇಳಬೇಕು. ಹದಿಮೂರರದ್ದು, ಹದಿನೇಳರದ್ದು, ಹತ್ತೊಂಬತ್ತರದ್ದು ಒಳ್ಳೇದು. ಹತ್ತರದ್ದು ಕೇಳಿದರೆ ಏನೂ ಗೊತ್ತಾಗುವುದಿಲ್ಲ.

ದಂಡೆಯವರು ಇನ್ನೂ ನಾಲ್ಕು ನೋಡಬೇಕು: ತೊದಲುತ್ತಿದ್ದಾರಾ, ಎಡವುತ್ತಿದ್ದಾರಾ, ಕೈಯಿಂದ ವಸ್ತು ಬೀಳುತ್ತಿದೆಯಾ, ಸುಮ್ಮಸುಮ್ಮನೆ ಸಿಡುಕುತ್ತಿದ್ದಾರಾ. ಕೊನೆಯದನ್ನು ಕೆಲವರಲ್ಲಿ ಚಳಿಯಿಂದಲೇ ಅಂತ ಹೇಳುವುದು ಕಷ್ಟ. ನಡುಗುವುದು ಸಹಜ, ಅದು ಮೈ ತನ್ನನ್ನು ತಾನೇ ಕಾಯಿಸಿಕೊಳ್ಳುವ ಬಗೆ. ಮೈ ತಣ್ಣಗಿದ್ದೂ ನಡುಕ ನಿಂತು, ಮಂಪರು ಕವಿದರೆ ಅದು ಅಪಾಯ. ಆಗ ಕೂರಿಸಿ ಮಾತಾಡಿಸುವ ಕೆಲಸ ಬಿಟ್ಟು, ಒಣ ಬಟ್ಟೆಯಲ್ಲಿ ಸುತ್ತಿ ಮಲಗಿಸಿ, 999.

ಬಿಸಿನೀರಿನ ಶವರ್‌ಗೆ ಓಡಬೇಡಿ, ರಕ್ತದೊತ್ತಡ ಕುಸಿದು ತಲೆ ಸುತ್ತಿ ಬೀಳುವುದುಂಟು. ಬೆಚ್ಚಗಿನ, ಸಿಹಿಯಾದ ಏನನ್ನಾದರೂ ನಿಧಾನಕ್ಕೆ ಕುಡಿಯಿರಿ. ನಮ್ಮ ಫ್ಲಾಸ್ಕಿನಲ್ಲಿ ಶುಂಠಿ, ಬೆಲ್ಲ ಹಾಕಿದ ಕಷಾಯ ಇರುತ್ತದೆ. ಲೋಟ ಅರ್ಧ ತುಂಬಿಸಿ, ನಡುಗುವ ಕೈ ತುಂಬಿದ ಲೋಟ ಹಿಡಿಯಲಾರದು. ಮೂವತ್ತನೇ ನಿಮಿಷದ ಮಗ್ಗಿ ಸರಿ ಬರುವವರೆಗೆ ಕಾರು ಓಡಿಸಬೇಡಿ.

ನೋಟ್‌ಬುಕ್ ಏನು ಹೇಳುತ್ತದೆ

ಬರೆದುಕೊಳ್ಳಬೇಕಾದ್ದು ಇಷ್ಟು: ನೀರು, ಗಾಳಿ, ಎಷ್ಟು ನಿಮಿಷ, ಮೊದಲ ಎಣಿಕೆ, ಕೊನೆಯ ಎಣಿಕೆ, ಬಿಚ್ಚಲು ಹಿಡಿದ ಹೊತ್ತು, ಬಟನ್, ಮಗ್ಗಿ. ಹಿಂದಿನ ರಾತ್ರಿಯ ನಿದ್ದೆ, ಬೆಳಗಿನ ತಿಂಡಿ ಕೂಡ. ನಿದ್ದೆಗೆಟ್ಟ ದಿನ ಅದೇ ನೀರು ಎರಡು ಡಿಗ್ರಿ ಕೆಳಗೆ ಇದ್ದ ಹಾಗೆ ನನಗನ್ನಿಸುತ್ತದೆ.

ನನ್ನ ನೋಟ್‌ಬುಕ್ಕಿನ ಮೂರು ಸಾಲು ಹೀಗಿವೆ. 16 ಡಿಗ್ರಿ: 30 ನಿಮಿಷ, ಎಣಿಕೆ 46ರಿಂದ 47, ಬಟನ್ ಐದೂ, ಮಗ್ಗಿ ಪೂರ್ತಿ. 13 ಡಿಗ್ರಿ: 22 ನಿಮಿಷ, 46ರಿಂದ 53, ಬಟನ್ ಎರಡು, ಹತ್ತನೇ ನಿಮಿಷದಲ್ಲಿ ಮಗ್ಗಿ ಫೇಲ್. ಗೆರೆ ದಾಟಿದರೂ ಹೊರಗೆ ಬರದ ದಿನ ಅದು. ಮತ್ತೆ 13 ಡಿಗ್ರಿ, ಈ ಸಲ 15 ನಿಮಿಷ: 46ರಿಂದ 49, ಬಟನ್ ನಾಲ್ಕು, ಮಗ್ಗಿ ಪೂರ್ತಿ. ನೋಡಿ, ಸೂಟ್ ಅದೇ, ನೀರು ಅದೇ. ಈ ಸೂಟಿನಲ್ಲಿ 13 ಡಿಗ್ರಿಗೆ ನನ್ನ ಪಾಲು ಒಂದು ಕಾಲು ಗಂಟೆ. ನಿಮ್ಮ ಪಾಲು ಬೇರೆ ಇರುತ್ತದೆ. ಮೈಯಲ್ಲಿ ಕೊಬ್ಬು ಇರುವವರು ಜಾಸ್ತಿ ತಡೆಯುತ್ತಾರೆ, ತೆಳ್ಳಗಿನವರು ಬೇಗ ತಣ್ಣಗಾಗುತ್ತಾರೆ.

ಒಂದು ತಾಪಮಾನದಲ್ಲಿ ಮೂರು ಸಲ ಸರಿಬಂದ ಮೇಲೆ ಮಾತ್ರ ಎರಡು ಡಿಗ್ರಿ ಕೆಳಗೆ ಹೋಗಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಗ್ಲೋವ್ಸ್, ಕಾಲ್ಚೀಲ, ದಪ್ಪ ಟೋಪಿ ಮೂರನ್ನೂ ಒಂದೇ ದಿನ ಹಾಕಿದರೆ ಯಾವುದು ಕೆಲಸ ಮಾಡಿತು ಗೊತ್ತಾಗುವುದಿಲ್ಲ. ನನಗೆ ಮೊದಲು ಗ್ಲೋವ್ಸಿನಿಂದ ಲಾಭ ಆಯಿತು, ಬಟನ್ ಲೆಕ್ಕ ತಕ್ಷಣ ಸುಧಾರಿಸಿತು. ಒಳಗೆ ಒಂದು ತೆಳು ನಿಯೋಪ್ರೀನ್ ಬನಿಯನ್ ಹಾಕಿ ನೋಡಿದೆ. ಮೈ ಬೆಚ್ಚಗಿತ್ತು, ಭುಜ ಮಾತ್ರ ಗೋಡೆಗೆ ಕಟ್ಟಿದ ಹಾಗಾಯಿತು, ಎಣಿಕೆ ಶುರುವಿನಲ್ಲೇ 51. ಅದಕ್ಕಿಂತ ದಪ್ಪ ಸೂಟ್ ಕೊಳ್ಳುವುದೇ ಮೇಲು. ನವೆಂಬರಿನಲ್ಲಿ, 9 ಡಿಗ್ರಿಗೆ ಗಾಳಿಯೂ ಸೇರಿದ ದಿನ, ಗ್ಲೋವ್ಸ್ ಇದ್ದೂ ಎಂಟೇ ನಿಮಿಷಕ್ಕೆ ಬೆರಳು ಕೆದರಿಕೊಂಡವು. ಆ ವರ್ಷಕ್ಕೆ ತೆಳು ಸೂಟಿನ ಕೆಲಸ ಅಲ್ಲಿಗೆ ಮುಗಿಯಿತು.

ಮನೆಗೆ ಬಂದ ಮೇಲೆ ಸೂಟನ್ನು ಸಿಹಿನೀರಲ್ಲಿ ಒಳಗೂ ಹೊರಗೂ ತೊಳೆದು, ಮೊದಲು ಒಳಮೈ ಹೊರಗೆ ಮಾಡಿ ನೆರಳಲ್ಲಿ ಒಣಗಿಸಿ. ಹ್ಯಾಂಗರಿಗೆ ಭುಜದಿಂದ ನೇತು ಹಾಕಬೇಡಿ, ನೀರಿನ ಭಾರಕ್ಕೆ ಭುಜ ಜೋತುಬೀಳುತ್ತದೆ. ಸೊಂಟದಲ್ಲಿ ಮಡಚಿ ಬಾತ್‌ಟಬ್ಬಿನ ಅಂಚಿಗೆ ಹಾಕಿದರೆ ಸಾಕು. ಪೂರ್ತಿ ಒಣಗುವ ಮೊದಲು ಇನ್ನೊಂದು ಕೆರೆಗೆ ಒಯ್ಯಬಾರದು. ಒಂದು ನೀರಿನ ಕಳೆ, ಹುಳ ಇನ್ನೊಂದಕ್ಕೆ ಹೋಗಬಾರದು ಅಂತ ಸರೋವರ ಸೀಮೆಯ (ಲೇಕ್ ಡಿಸ್ಟ್ರಿಕ್ಟ್) ದಂಡೆಗಳಲ್ಲಿ ಬೋರ್ಡು ಹಾಕಿರುತ್ತಾರೆ. ಇಲ್ಲಿನ ಹವೆಯಲ್ಲಿ ಒಣಗಲು ಎರಡು ದಿನ ಬೇಕು, ಮಳೆ ಹಿಡಿದರೆ ಮೂರು.